ಸ್ಟ್ರಾಬೆರಿ ಲಿಪ್ ಬಾಮ್‌ನಲ್ಲಿ ಗೋಧಿ ಇದೆಯೇ? ಪತ್ತೆ ಮಾಡುವ ಬಗೆ

ಚಿಕ್ಕಮಗಳೂರಿನ ಚಳಿಗೆ ತುಟಿ ಒಡೆಯದವರು ಕಡಿಮೆ. ಕಾಫಿ ಕೊಯ್ಲು ಬಿರುಸಾಗುವ ಹೊತ್ತಿಗೆ ಎಂ.ಜಿ. ರಸ್ತೆಯ ಮೆಡಿಕಲ್‌ಗಳಲ್ಲೂ ಹಾಸನದ ಬಿ.ಎಂ. ರಸ್ತೆಯ ಫ್ಯಾನ್ಸಿ ಸ್ಟೋರುಗಳಲ್ಲೂ ಲಿಪ್ ಬಾಮ್‌ಗಳು ಕೌಂಟರಿನ ಮುಂಭಾಗಕ್ಕೆ ಬಂದು ಕೂರುತ್ತವೆ. ಸ್ಟ್ರಾಬೆರಿ, ಚೆರ್ರಿ, ವೆನಿಲಾ, ಚಾಕೊಲೇಟ್, ಈಚೆಗೆ ಕಾಫಿ. ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ) ಕಾಯಿಲೆ ಇರುವವರು, ಅಥವಾ ಅಂಥ ಮಗುವಿನ ಅಪ್ಪ ಅಮ್ಮ, "ಇದು ಗ್ಲುಟೆನ್ ಫ್ರೀನಾ?" ಎಂದು ಕೇಳಿದರೆ ಅಂಗಡಿಯವರು ಪ್ಯಾಕಿನ ಮೇಲಿನ ಹಸಿರು ಚುಕ್ಕಿ ತೋರಿಸಿಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ಈ ಕಾಯಿಲೆಯ ಪ್ರಮಾಣ ನೂರಕ್ಕೆ 1.23, ದಕ್ಷಿಣದಲ್ಲಿ 0.10. ನಮ್ಮ ಕಡೆ ಆ ಪ್ರಶ್ನೆ ಕೇಳುವ ಗಿರಾಕಿಯೇ ಅಪರೂಪ. ಹಸಿರು ಚುಕ್ಕಿ ಹೇಳುವುದು ಇದು ಸಸ್ಯಾಹಾರಿ ಎಂದಷ್ಟೆ. ಗೋಧಿಯೂ ಸಸ್ಯಾಹಾರವೇ.

ಹಾಗಾಗಿ ನೋಡುವ ಕೆಲಸ ನಮ್ಮದೇ. ಒಮ್ಮೆ ರೂಢಿಯಾದರೆ ಒಂದು ಬಾಮ್‌ಗೆ ಐದು ನಿಮಿಷ ಸಾಕು.

ಮೊದಲು ಹೆದರಿಕೆಯ ಲೆಕ್ಕ

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಇರುವವರಿಗೆ ಅದು ಕರುಳಿಗೆ ಇಳಿದಾಗ ತೊಂದರೆ. ಚರ್ಮದ ಮೂಲಕ ಒಳಹೋಗಿ ಕರುಳು ಕೆಡಿಸುವುದಿಲ್ಲ. ಆದ್ದರಿಂದ ಕೈಗೆ ಹಚ್ಚುವ ಕ್ರೀಮಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ್ದು ಕಡಿಮೆ, ಲಿಪ್ ಬಾಮ್ ಬಗ್ಗೆ ಸ್ವಲ್ಪ ಹೆಚ್ಚು. ತುಟಿಗೆ ಹಚ್ಚಿದ್ದರಲ್ಲಿ ಒಂದಿಷ್ಟು ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಅದರಲ್ಲೂ ಸಿಹಿ ರುಚಿಯದ್ದಾದರೆ ನಾಲಿಗೆ ಸುಮ್ಮನಿರುವುದಿಲ್ಲ.

ಎಷ್ಟು ಹೋಗುತ್ತದೆ? ಸಾಮಾನ್ಯ ಕಡ್ಡಿಯ ತೂಕ 4.5 ಗ್ರಾಂ ಆಸುಪಾಸು. ಒಬ್ಬರು ಅದನ್ನು ಒಂದೇ ತಿಂಗಳಲ್ಲಿ ಮುಗಿಸಿದರು, ಹಚ್ಚಿದ್ದೆಲ್ಲವನ್ನೂ ನುಂಗಿದರು ಎಂದೇ ಇಟ್ಟುಕೊಳ್ಳಿ. ದಿನಕ್ಕೆ 150 ಮಿಲಿಗ್ರಾಂ ಆಯಿತು. ಆಹಾರದಲ್ಲಿ ಗ್ಲುಟೆನ್ ಫ್ರೀ ಎನ್ನಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ, ಅಂದರೆ 20 ಪಿಪಿಎಂ. ಬಾಮ್‌ನಲ್ಲಿ ಅಷ್ಟೇ ಇದ್ದರೆ ಹೊಟ್ಟೆಗೆ ಹೋಗುವುದು ದಿನಕ್ಕೆ 0.003 ಮಿಲಿಗ್ರಾಂ. ಹೆಚ್ಚಿನ ಸೀಲಿಯಾಕ್ ರೋಗಿಗಳಿಗೆ ದಿನಕ್ಕೆ 10 ಮಿಲಿಗ್ರಾಂವರೆಗೆ ಕರುಳಿಗೆ ಹಾನಿಯಾಗುವ ಸಂಭವ ಕಡಿಮೆ ಎಂಬುದು ವೈದ್ಯರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಎರಡಕ್ಕೂ ಮೂರು ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರ.

ಈಗ ಅದೇ ಕಡ್ಡಿಗೆ ಕಂಪನಿಯವರು ಗೋಧಿಯ ಪ್ರೋಟೀನನ್ನೇ ನೂರಕ್ಕೆ ಒಂದರಂತೆ ಬೆರೆಸಿದ್ದರೆ? ದಿನಕ್ಕೆ 1.5 ಮಿಲಿಗ್ರಾಂ. ಅದೊಂದೇ ಆದರೆ ಮಿತಿ ದಾಟುವುದಿಲ್ಲ, ಆದರೆ ಅದು ಹೋಟೆಲ್ ಸಾಂಬಾರಿನ ಇಂಗು, ಸೋಯಾ ಸಾಸು ಇತ್ಯಾದಿಗಳ ಜೊತೆ ಸೇರಿಕೊಳ್ಳುತ್ತದೆ. ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಇರುವುದು ಮಾಮೂಲು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಲಿಪ್ ಬಾಮ್ ಹುಡುಕುತ್ತಾ ಕೂತವರು ಇಂಗಿನ ಡಬ್ಬಿ ನೋಡದೆ ಬಿಡುವುದುಂಟು. ಇನ್ನು ಮೂರು ವರ್ಷದ ಮಗು ಸ್ಟ್ರಾಬೆರಿ ವಾಸನೆಗೆ ಇಡೀ ಕಡ್ಡಿಯನ್ನೇ ಕಚ್ಚಿ ತಿಂದರೆ 45 ಮಿಲಿಗ್ರಾಂ ಒಂದೇ ಸಲ. ಅಲ್ಲಿ ಮಿತಿ ದಾಟಿತು.

ಈ ಲೆಕ್ಕದಿಂದ ಹೊರಡುವ ದಾರಿ ಸರಳ. ಗಾಳಿಯಲ್ಲಿ ಹಾರಿ ಬಂದ ಹಿಟ್ಟಿನ ಕಣವನ್ನು ಹುಡುಕುವುದು ಬೇಡ. ಬೇಕೆಂದೇ ಬೆರೆಸಿದ ಗೋಧಿ, ಬಾರ್ಲಿಯನ್ನು ಹುಡುಕಿ. ಇಟಲಿಯ ಸಂಶೋಧಕರು ಟೂತ್‌ಪೇಸ್ಟ್, ಮೌತ್‌ವಾಶ್, ಲಿಪ್ ಬಾಮ್, ಲಿಪ್‌ಸ್ಟಿಕ್ ಎಲ್ಲ ಸೇರಿ 66 ಉತ್ಪನ್ನಗಳನ್ನು ಪರೀಕ್ಷಿಸಿದಾಗ 62ರಲ್ಲಿ ಗ್ಲುಟೆನ್ 20 ಪಿಪಿಎಂಗಿಂತ ಕೆಳಗಿತ್ತು. ಉಳಿದ ನಾಲ್ಕೂ ಮಿತಿಯನ್ನು ದಾಟಿದ್ದು ಅಲ್ಪಸ್ವಲ್ಪವಷ್ಟೆ.

ಗೋಧಿ ಅಲರ್ಜಿ ಇರುವವರ ಕಥೆ ಮಾತ್ರ ಬೇರೆ. ಅವರಿಗೆ ಚರ್ಮಕ್ಕೆ ತಾಗಿದರೂ ತುಟಿ ಊದಬಹುದು, ಉಸಿರು ಕಟ್ಟಬಹುದು. ಜಪಾನಿನಲ್ಲಿ ಗೋಧಿ ಪ್ರೋಟೀನು ಬೆರೆಸಿದ ಮುಖದ ಸೋಪು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಅಂಟಿಕೊಂಡು, 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಅಲರ್ಜಿ ಇರುವವರು ಮೇಲಿನ ಲೆಕ್ಕವನ್ನು ಬದಿಗಿಟ್ಟು, ಪಟ್ಟಿಯಲ್ಲಿ ಗೋಧಿಯ ಹೆಸರು ಎಲ್ಲಿ ಕಂಡರೂ ಬಿಡುವುದೇ ಸರಿ.

ಪಟ್ಟಿ ಎಲ್ಲಿದೆ?

ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ನೂರಕ್ಕೆ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು. ನೂರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಅವುಗಳ ನಂತರ ಹೇಗೆ ಬೇಕಾದರೂ ಬರೆಯಬಹುದು. ತೊಡಕು ಏನೆಂದರೆ, ಸಣ್ಣ ಪ್ಯಾಕಿಗೆ ಇದರಿಂದ ರಿಯಾಯಿತಿ ಇದೆ: ಗಟ್ಟಿ ಪದಾರ್ಥವಾದರೆ 30 ಗ್ರಾಂ ಒಳಗಿನದಕ್ಕೆ. ಲಿಪ್ ಬಾಮ್‌ಗಳೆಲ್ಲ ಆ ಮಿತಿಯ ಒಳಗೇ ಬರುತ್ತವೆ. ಆದ್ದರಿಂದ ಕಡ್ಡಿಯ ಮೇಲೆ ಪಟ್ಟಿ ಇಲ್ಲದ ಮಾತ್ರಕ್ಕೆ ಅದು ಕಳ್ಳಮಾಲು ಅಲ್ಲ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಹೊರಗಿನ ರಟ್ಟಿನ ಡಬ್ಬಿ ಅಥವಾ ಬ್ಲಿಸ್ಟರ್ ಕಾರ್ಡಿನ ಹಿಂಭಾಗ ನೋಡಿ. ಅಂಗಡಿಯವರು ಹತ್ತಿಪ್ಪತ್ತು ಕಡ್ಡಿಗಳನ್ನು ಗಾಜಿನ ಬಾಟಲಿಗೆ ಸುರಿದು ಇಟ್ಟಿದ್ದರೆ, ಅವು ಬಂದ ದೊಡ್ಡ ಡಬ್ಬಿ ಇದೆಯೇ ಎಂದು ಕೇಳಿ. ಪಟ್ಟಿ ಅದರ ಮೇಲೆ ಇರಬಹುದು. ಚಪ್ಪಟೆ ಟಿನ್ ಆದರೆ ತಳದಲ್ಲಿ ಎರಡು ಪದರದ ಸ್ಟಿಕರ್ ಇರಬಹುದು, ಮೂಲೆಯಲ್ಲಿ ಉಗುರು ಹಾಕಿ ಎತ್ತಿದರೆ ಒಳಗೆ ಪಟ್ಟಿ. ಅಕ್ಷರ ತೀರಾ ಸಣ್ಣದಾದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಫ್ಲ್ಯಾಶ್ ಹಾಕಿದರೆ ಬಿಳಿ ಮಚ್ಚೆ ಬೀಳುತ್ತದೆ. ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿಯುವುದೇ ವಾಸಿ. ವಿದೇಶಿ ಮಾಲಿನ ಮೇಲೆ ಆಮದುದಾರರು ಅಂಟಿಸಿದ ಬಿಳಿ ಸ್ಟಿಕರ್ ಕೆಲವು ಸಲ ಮೂಲ ಪಟ್ಟಿಯನ್ನೇ ಮುಚ್ಚಿರುತ್ತದೆ.

ಎಲ್ಲೂ ಸಿಗದಿದ್ದರೆ ಕಂಪನಿಯ ವೆಬ್‌ಸೈಟ್. ಆನ್‌ಲೈನ್ ಮಾರಾಟದ ಪುಟದಲ್ಲಿರುವ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಅಲ್ಲಿ ಹಳೆಯ ಪ್ಯಾಕಿನ ಪಟ್ಟಿ ಉಳಿದಿರುವುದುಂಟು, ಐದು ಫ್ಲೇವರಿಗೂ ಒಂದೇ ಪಟ್ಟಿ ಹಾಕಿರುವುದೂ ಉಂಟು. ಅಂಥ ಪುಟದಲ್ಲಿ ಪಟ್ಟಿಯ ಫೋಟೊ ಇದ್ದರೆ ಟೈಪು ಮಾಡಿದ ಪಟ್ಟಿಗಿಂತ ಅದೇ ಮೇಲು.

ಪ್ಯಾಕಿನ ಮೇಲೆ "ಗ್ಲುಟೆನ್ ಫ್ರೀ" ಎಂದೇ ಬರೆದಿದ್ದರೆ? ಒಳ್ಳೆಯದೇ. ಆದರೆ 20 ಪಿಪಿಎಂ ನಿಯಮ ಇರುವುದು ಆಹಾರಕ್ಕೆ. ಸೌಂದರ್ಯವರ್ಧಕದ ಮೇಲೆ ಆ ಮಾತು ಕಂಡರೆ ಅದು ಕಂಪನಿಯ ಸ್ವಂತ ಮಾತು. ಪಟ್ಟಿಯನ್ನು ಆಗಲೂ ಒಮ್ಮೆ ಓದಿ. "ನ್ಯಾಚುರಲ್", "ವೀಗನ್", "ಹರ್ಬಲ್" ಎಂಬುವಕ್ಕೂ ಗ್ಲುಟೆನ್‌ಗೂ ಸಂಬಂಧವೇ ಇಲ್ಲ. ಹೇಳಬೇಕೆಂದರೆ ನ್ಯಾಚುರಲ್ ಎಂದವುಗಳಲ್ಲೇ ಗೋಧಿ ಮೊಳಕೆಯ ಎಣ್ಣೆ, ಓಟ್ಸ್ ಹೆಚ್ಚು. ಪೆಟ್ರೋಲಿಯಂ ಜೆಲ್ಲಿಯಿಂದ ಮಾಡಿದ ಅಗ್ಗದ ಬಾಮ್ ಈ ವಿಷಯದಲ್ಲಿ ನಿರಪಾಯ.

ಪಟ್ಟಿಯಲ್ಲಿ ಕಣ್ಣು ನಿಲ್ಲಬೇಕಾದ ಹೆಸರುಗಳು

ಸಸ್ಯಗಳ ಹೆಸರು ಲ್ಯಾಟಿನ್‌ನಲ್ಲಿರುತ್ತದೆ. ಬಾಯಿಪಾಠ ಮಾಡಬೇಕಾದ್ದು ನಾಲ್ಕೇ. ಟ್ರಿಟಿಕಮ್ ಎಂದು ಶುರುವಾದರೆ ಗೋಧಿ (ಟ್ರಿಟಿಕಮ್ ವಲ್ಗೇರ್, ಟ್ರಿಟಿಕಮ್ ಈಸ್ಟೈವಮ್). ಹಾರ್ಡಿಯಮ್ ವಲ್ಗೇರ್ ಎಂದರೆ ಬಾರ್ಲಿ. ಸೆಕೇಲ್ ಸಿರಿಯೇಲ್ ಎಂದರೆ ರೈ. ಅವೀನಾ ಸಟೈವಾ ಎಂದರೆ ಓಟ್ಸ್. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲ, ಆದರೆ ಹೊಲದಿಂದ ಗಿರಣಿಯವರೆಗೆ ಗೋಧಿ, ಬಾರ್ಲಿಯ ಜೊತೆ ಬೆರೆಯುವುದು ಸಾಮಾನ್ಯ.

ಹೆಸರು ಸಿಕ್ಕಿತು ಎಂದಾಕ್ಷಣ ಬಾಮನ್ನು ಎಸೆಯಬೇಕಿಲ್ಲ. ಅದರ ಮುಂದಿನ ಪದ ನೋಡಿ. ಜರ್ಮ್ ಆಯಿಲ್ ಎಂದಿದ್ದರೆ ಅದು ಗೋಧಿ ಮೊಳಕೆಯ ಎಣ್ಣೆ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ನಾಮಮಾತ್ರ. ಕೋಲ್ಡ್ ಪ್ರೆಸ್ಡ್ ಆದರೆ ಸ್ವಲ್ಪ ಉಳಿದಿರಬಹುದು. ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್, ಹೈಡ್ರೊಲೈಸ್ಡ್ ವೀಟ್ ಗ್ಲುಟೆನ್ ಎಂದಿದ್ದರೆ ಅದು ಪ್ರೋಟೀನೇ, ಸಣ್ಣ ಚೂರುಗಳಾಗಿ ಒಡೆದದ್ದು ಅಷ್ಟೆ. ಅದನ್ನು ಬಿಡಿ, ಯೋಚನೆ ಬೇಡ.

ಇಲ್ಲಿ ತಯಾರಿಕೆಯ ಒಂದು ಗುಟ್ಟು ಉಪಯೋಗಕ್ಕೆ ಬರುತ್ತದೆ. ಹೈಡ್ರೊಲೈಸ್ಡ್ ಪ್ರೋಟೀನು ಕರಗುವುದು ನೀರಿನಲ್ಲಿ. ಮೇಣ, ಬೆಣ್ಣೆ, ಎಣ್ಣೆ ಮಾತ್ರ ಇರುವ ಗಟ್ಟಿ ಕಡ್ಡಿಯಲ್ಲಿ ನೀರೇ ಇರುವುದಿಲ್ಲ, ಆದ್ದರಿಂದ ಆ ಪ್ರೋಟೀನು ಅದರಲ್ಲಿ ಬೆರೆಯುವುದೂ ಕಷ್ಟ. ಪಟ್ಟಿಯಲ್ಲಿ "ಆಕ್ವಾ" ಅಥವಾ "ವಾಟರ್" ಇದೆಯೇ ನೋಡಿ. ಇಲ್ಲದಿದ್ದರೆ ಅರ್ಧ ಚಿಂತೆ ಕಳೆಯಿತು. ಇದ್ದರೆ, ಅಂದರೆ ಲಿಪ್ ಮಾಸ್ಕ್, ಲಿಪ್ ಸೀರಮ್, ಕ್ರೀಮಿನಂಥ ಟ್ಯೂಬ್ ಬಾಮ್ ಆದರೆ, ಕೊನೆಯ ಹೆಸರಿನವರೆಗೂ ಓದಬೇಕು. ನೂರಕ್ಕೆ ಒಂದರೊಳಗಿನ ಪದಾರ್ಥಗಳು ಕೊನೆಯಲ್ಲಿ ಕಲಸುಮೇಲೋಗರವಾಗಿ ಇರುತ್ತವೆ, ಗೋಧಿ ಪ್ರೋಟೀನು ಸಿಕ್ಕುವುದೂ ಅಲ್ಲೇ. ತುಟಿ ಉಜ್ಜುವ ಲಿಪ್ ಸ್ಕ್ರಬ್ ಇನ್ನೊಂದು ಜಾತಿ. ಅದರಲ್ಲಿ ಸಕ್ಕರೆಯ ಜೊತೆ ಓಟ್ಸ್ ಪುಡಿ, ಗೋಧಿ ತೌಡು ಸೇರಿಸುವವರಿದ್ದಾರೆ. ಉಜ್ಜುವಾಗ ಬಾಯೊಳಗೆ ಹೋಗುವುದೂ ಹೆಚ್ಚು.

ಸುಮ್ಮನೆ ಹೆದರಿಸುವ ಹೆಸರುಗಳೂ ಇವೆ. ತುಟಿ ಬೆಳ್ಳಗಾಗಿಸುತ್ತದೆ ಎಂದು ಮಾರುವ ಬಾಮ್‌ಗಳಲ್ಲಿ ಗ್ಲುಟಾಥಯೋನ್ ಇರುತ್ತದೆ. ಅದಕ್ಕೂ ಗ್ಲುಟೆನ್‌ಗೂ ನಂಟಿಲ್ಲ. ಬಕ್‌ವೀಟ್ ಗೋಧಿ ಅಲ್ಲ, ಬೇರೆಯೇ ಗಿಡದ ಕಾಳು. ಟೊಕೊಫೆರಾಲ್ ಎಂದರೆ ವಿಟಮಿನ್ ಇ. ಅದನ್ನು ಸೋಯಾ, ಸೂರ್ಯಕಾಂತಿಯಿಂದ ತೆಗೆಯುವುದು ಹೆಚ್ಚು, ಕೆಲವೊಮ್ಮೆ ಗೋಧಿ ಮೊಳಕೆಯಿಂದಲೂ. ಯಾವುದರಿಂದ ಬಂದರೂ ಬಟ್ಟಿ ಇಳಿದು ಬರುವಷ್ಟರಲ್ಲಿ ಪ್ರೋಟೀನು ಹಿಂದೆಯೇ ಉಳಿದಿರುತ್ತದೆ. ಆಲ್ಕೋಹಾಲಿಗೂ ಅದೇ ಮಾತು. ಜೇನುಮೇಣ (ಸೆರಾ ಆಲ್ಬಾ), ಹರಳೆಣ್ಣೆ (ರಿಸಿನಸ್ ಕಮ್ಯುನಿಸ್), ಕೊಬ್ಬರಿ ಎಣ್ಣೆ (ಕೋಕಸ್ ನ್ಯೂಸಿಫೆರಾ), ಕೋಕೊ ಬೆಣ್ಣೆ (ಥಿಯೊಬ್ರೊಮಾ ಕಕಾವೊ), ಶಿಯಾ, ಕಾರ್ನೌಬಾ, ಕ್ಯಾಂಡೆಲಿಲಾ, ಲ್ಯಾನೊಲಿನ್, ಅಕ್ಕಿ ತೌಡಿನ ಎಣ್ಣೆ ಯಾವುದಕ್ಕೂ ಗ್ಲುಟೆನ್ ಸೋಂಕಿಲ್ಲ.

ಆಯುರ್ವೇದ ಲೈಸೆನ್ಸಿನ ಬಾಮ್ ಆದರೆ ಹೆಸರುಗಳು ಸಂಸ್ಕೃತದಲ್ಲಿರಬಹುದು. ಗೋಧೂಮ ಎಂದರೆ ಗೋಧಿ, ಯವ ಎಂದರೆ ಬಾರ್ಲಿ. ಯವಾನಿ ಎಂದರೆ ಮಾತ್ರ ಓಮ, ಅದಕ್ಕೆ ಹೆದರಬೇಡಿ. ಮಧೂಚ್ಛಿಷ್ಟ ಅಥವಾ ಸಿಕ್ಥ ಎಂದರೆ ಜೇನುಮೇಣ.

ಫ್ಲೇವರ್ ಎಂಬ ಮುಚ್ಚಿದ ಡಬ್ಬಿ

ಪಟ್ಟಿಯಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಇದ್ದರೂ "ಫ್ಲೇವರ್", "ಅರೋಮಾ", "ಪರ್ಫ್ಯೂಮ್" ಎಂಬ ಒಂದು ಪದದೊಳಗೆ ಹತ್ತಾರು ಪದಾರ್ಥ ಅಡಗಿರಬಹುದು. ಕಂಪನಿ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮೂವತ್ತು ಹೆಸರಿನ ಪಟ್ಟಿಯನ್ನು ಪಾಸು ಮಾಡಿದ ಬಾಮ್ ಕೊನೆಗೆ ಇಲ್ಲಿ ಸಿಕ್ಕಿಕೊಳ್ಳುತ್ತದೆ.

ಒಳಗೆ ಏನಿರಬಹುದು ಎಂದು ಊಹಿಸಲು ದಾರಿಯಿದೆ. ಎಣ್ಣೆ ಮತ್ತು ಮೇಣದಲ್ಲಿ ಬೆರೆಯಬೇಕಾದ ಫ್ಲೇವರ್ ಎಣ್ಣೆಯಲ್ಲಿ ಕರಗುವಂಥದ್ದೇ ಆಗಿರಬೇಕು. ಅದನ್ನು ಸಾಮಾನ್ಯವಾಗಿ ತೆಂಗಿನೆಣ್ಣೆಯಿಂದ ತೆಗೆದ ಟ್ರೈಗ್ಲಿಸರೈಡ್, ಹರಳೆಣ್ಣೆ ಇಂಥವುಗಳಲ್ಲಿ ಕರಗಿಸಿ ಕೊಡುತ್ತಾರೆ. ಮಾಲ್ಟೊಡೆಕ್ಸ್‌ಟ್ರಿನ್ ಮೇಲೆ ಕೂರಿಸಿದ ಪುಡಿ ಫ್ಲೇವರ್ ಹಾಕಿದರೆ ಕಡ್ಡಿ ಮರಳು ಮರಳಾಗುತ್ತದೆ, ಹಾಗಾಗಿ ಗಟ್ಟಿ ಬಾಮ್‌ನಲ್ಲಿ ಅದು ಅಪರೂಪ. ಇದ್ದರೂ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಹೆಸರಿನಲ್ಲಿ ಮಾಲ್ಟ್ ಕಂಡಿತೆಂದು ಗಾಬರಿ ಬೇಡ. ಅದು ಜೋಳ, ಮರಗೆಣಸು, ಕೆಲವೊಮ್ಮೆ ಗೋಧಿಯ ಪಿಷ್ಟದಿಂದ ಬರುವಂಥದ್ದು. ಗೋಧಿಯದ್ದಾದರೂ ಅದು ಎಷ್ಟು ಶುದ್ಧವಾಗಿರುತ್ತದೆ ಎಂದರೆ ಯುರೋಪಿನ ಒಕ್ಕೂಟ ಅದನ್ನು ಅಲರ್ಜಿ ಎಚ್ಚರಿಕೆಯ ಪಟ್ಟಿಯಿಂದಲೇ ಬಿಟ್ಟಿದೆ.

ಹಣ್ಣಿನ ಫ್ಲೇವರುಗಳು, ಪುದೀನ, ವೆನಿಲಾ, ಬಬಲ್‌ಗಮ್, ಕೋಲಾ ಇವು ಸಾಮಾನ್ಯವಾಗಿ ಸುರಕ್ಷಿತ. ಸಿಹಿಗೆ ಹಾಕುವ ಸ್ಯಾಕರಿನ್, ಸ್ಟೀವಿಯಾ ಕೂಡ. ಕಂಪನಿಯನ್ನು ಕೇಳದೆ ಕೊಳ್ಳಬಾರದ ಗುಂಪು ಬೇರೆ: ಬಿಸ್ಕತ್ತು, ಕುಕೀ, ಕೇಕ್, ಮಾಲ್ಟ್, ಬಿಯರ್, ಓಟ್ಸ್-ಜೇನು. ಬಿಯರ್ ಬಾಮ್‌ನಲ್ಲಿ ಬಾರ್ಲಿಯ ಸಾರ ಇರಬಹುದು. ಚಾಕೊಲೇಟ್ ಮಧ್ಯದ ಜಾತಿ. ಬರೀ ಕೋಕೊ ಬೆಣ್ಣೆ, ಕೋಕೊ ಪುಡಿ ಆದರೆ ಸರಿ. ಮಾಲ್ಟೆಡ್ ಚಾಕೊಲೇಟ್ ಎಂದಿದ್ದರೆ ಕೇಳಬೇಕು. ಮಾಲ್ಟ್ ಎಂದರೆ ನಮ್ಮಲ್ಲಿ ರಾಗಿ ಮಾಲ್ಟ್ ನೆನಪಾಗುತ್ತದೆ, ಆದರೆ ಕಾರ್ಖಾನೆಯ ಪಟ್ಟಿಯಲ್ಲಿ ಸುಮ್ಮನೆ ಮಾಲ್ಟ್ ಎಂದಿದ್ದರೆ ಅದು ಬಾರ್ಲಿ ಎಂದೇ ತಿಳಿಯಿರಿ.

ಕಂಪನಿಗೆ ಬರೆಯುವಾಗ

ಪ್ಯಾಕಿನ ಮೇಲೆ ಗ್ರಾಹಕ ಸೇವೆಯ ಇಮೇಲ್ ಇರುತ್ತದೆ. ಫೋನಿಗಿಂತ ಇಮೇಲ್ ವಾಸಿ: ಫೋನಿನಲ್ಲಿ ಉತ್ತರಿಸುವವರು ನಿಮ್ಮನ್ನು ಸಮಾಧಾನ ಮಾಡಿ ಇಟ್ಟುಬಿಡುತ್ತಾರೆ, ಬರೆದು ಕೇಳಿದರೆ ಪ್ರಶ್ನೆ ಒಳಗಿನವರ ಕೈಗೆ ಹೋಗುವ ಸಾಧ್ಯತೆ ಹೆಚ್ಚು. "ನಿಮ್ಮ ಬಾಮ್ ಗ್ಲುಟೆನ್ ಫ್ರೀನಾ?" ಎಂದಷ್ಟೇ ಕೇಳಿದರೆ "ಹೌದು, ನಮ್ಮ ಎಲ್ಲ ಉತ್ಪನ್ನ ಸುರಕ್ಷಿತ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

"ನಿಮ್ಮ (ಹೆಸರು) ಲಿಪ್ ಬಾಮ್, (ಫ್ಲೇವರ್), ಬ್ಯಾಚ್ ನಂಬರ್ (…). ಮನೆಯಲ್ಲಿ ಸೀಲಿಯಾಕ್ ಕಾಯಿಲೆಯವರು ಇದ್ದಾರೆ. ಈ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಒಂದು, ಇದರಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್‌ನಿಂದ ಬಂದ ಯಾವುದಾದರೂ ಪದಾರ್ಥ ಇದೆಯೇ? ಎರಡು, ಫ್ಲೇವರ್ ಎಂದು ಬರೆದಿರುವುದರಲ್ಲಿ ಇವುಗಳಿಂದ ಬಂದದ್ದು ಏನಾದರೂ ಇದೆಯೇ? ನಿಮಗೆ ತಿಳಿಯದಿದ್ದರೆ ಫ್ಲೇವರ್ ಸರಬರಾಜುದಾರರ ಅಲರ್ಜನ್ ಹೇಳಿಕೆ ಕೊಡಬಹುದೇ? ಮೂರು, ಅದೇ ಯಂತ್ರದಲ್ಲಿ ಗೋಧಿ ಅಥವಾ ಓಟ್ಸ್ ಇರುವ ಬೇರೆ ಉತ್ಪನ್ನ ತಯಾರಾಗುತ್ತದೆಯೇ? ನಾಲ್ಕು, ತಯಾರಾದ ಮಾಲನ್ನು ಗ್ಲುಟೆನ್‌ಗಾಗಿ ಪರೀಕ್ಷೆ ಮಾಡಿಸಿದ್ದೀರಾ, ಯಾವ ವಿಧಾನದಲ್ಲಿ?"

ಎರಡನೆಯ ಪ್ರಶ್ನೆಯೇ ಮುಖ್ಯ. ಫ್ಲೇವರ್ ಮಾರುವವರು ಬಾಮ್ ಕಂಪನಿಗೆ ಅಲರ್ಜನ್ ಹೇಳಿಕೆ, ಅಂದರೆ ಅಲರ್ಜಿ ತರುವ ಪದಾರ್ಥ ಯಾವುದಿದೆ ಎಂಬ ಪತ್ರ, ಕೊಡುವುದು ರೂಢಿ. ಬಾಮ್ ಕಂಪನಿಗೆ ಅದನ್ನು ತೆಗೆದು ನೋಡಲು ಹತ್ತು ನಿಮಿಷ ಸಾಕು, ನೋಡುವ ಮನಸ್ಸಿದ್ದರೆ.

ಉತ್ತರವನ್ನು ಓದುವುದಕ್ಕೂ ಒಂದು ರೀತಿ ಇದೆ. "ಗ್ಲುಟೆನ್ ಇರುವ ಪದಾರ್ಥ ಬಳಸಿಲ್ಲ, ಆದರೆ ಖಾತರಿ ಕೊಡಲಾಗದು" ಎಂಬ ಉತ್ತರ ಕಂಡು ಹೆಚ್ಚಿನವರು ಬಾಮ್ ಬಿಟ್ಟುಬಿಡುತ್ತಾರೆ. ಅದು ವಕೀಲರು ಬರೆಸಿದ ಸಾಲು. ಮೇಲಿನ ಲೆಕ್ಕ ನೆನಪಿದ್ದರೆ ಅಂಥ ಬಾಮ್ ಬಳಸಲು ಅಡ್ಡಿಯಿಲ್ಲ. ಫ್ಲೇವರಿನ ಪ್ರಶ್ನೆಯನ್ನೇ ಹಾರಿಸಿ ಬೇರೆಲ್ಲಕ್ಕೂ ಉತ್ತರಿಸಿದವರ ಬಗ್ಗೆ ಮಾತ್ರ ಅನುಮಾನ ಇಟ್ಟುಕೊಳ್ಳಿ. ಹದಿನೈದು ದಿನದಲ್ಲಿ ಉತ್ತರವೇ ಬರದಿದ್ದರೆ ಬೇರೆ ಬಾಮ್ ನೋಡಿ. ಇದೇನು ಜೀವರಕ್ಷಕ ಔಷಧಿಯಲ್ಲ.

ಪರೀಕ್ಷೆಯ ಬಗ್ಗೆ ಒಂದು ಮಾತು. ಆಹಾರಕ್ಕೆಂದು ಮಾಡಿದ ಗ್ಲುಟೆನ್ ಸ್ಟ್ರಿಪ್ ತರಿಸಿ ಲಿಪ್ ಬಾಮ್ ಮೇಲೆ ಪ್ರಯೋಗಿಸುವುದು ದುಡ್ಡು ದಂಡ. ಮೇಣ, ಎಣ್ಣೆ ಆ ದ್ರಾವಣದಲ್ಲಿ ಕರಗದೆ ತೇಲುತ್ತವೆ, ಒಳಗಿನ ಪ್ರೋಟೀನು ಸ್ಟ್ರಿಪ್ ತನಕ ಬರುವುದೇ ಇಲ್ಲ. ಜೊತೆಗೆ ಹೈಡ್ರೊಲೈಸ್ ಆದ ಪ್ರೋಟೀನು ಚೂರುಚೂರಾಗಿರುವುದರಿಂದ ಮಾಮೂಲಿ ಸ್ಯಾಂಡ್‌ವಿಚ್ ಎಲೈಸಾ ಪರೀಕ್ಷೆಯೂ (ಪ್ರೋಟೀನು ಪತ್ತೆ ಮಾಡುವ ಲ್ಯಾಬ್ ಪರೀಕ್ಷೆ) ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಚೂರುಗಳನ್ನೂ ಹಿಡಿಯುವ ಕಾಂಪಿಟಿಟಿವ್ ಎಲೈಸಾ ಬೇಕು. ಸ್ಟ್ರಿಪ್‌ನಲ್ಲಿ ಗೆರೆ ಬರಲಿಲ್ಲ ಎಂದು ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್ ಇರುವ ಬಾಮ್ ಬಳಸಿದರೆ ಮೋಸ ಹೋದ ಹಾಗೆ.

"ಸರಿ, ಯಾವ ಬ್ರ್ಯಾಂಡ್ ಕೊಳ್ಳಲಿ, ಅದನ್ನು ಹೇಳಿ" ಎನ್ನುವವರಿಗೆ ಇಲ್ಲಿ ಹೆಸರಿನ ಪಟ್ಟಿ ಕೊಟ್ಟಿಲ್ಲ. ಕಂಪನಿಗಳು ಸೂತ್ರ ಬದಲಿಸುವಾಗ ಡಂಗುರ ಸಾರುವುದಿಲ್ಲ. ಒಂದೇ ಬ್ರ್ಯಾಂಡಿನ ಚೆರ್ರಿ ಸರಿಯಿದ್ದು ಓಟ್ಸ್-ಜೇನು ಸರಿಯಿಲ್ಲದಿರಬಹುದು. ನಿಮ್ಮದೇ ಪಟ್ಟಿ ಮಾಡಿಕೊಳ್ಳಿ: ಪದಾರ್ಥದ ಫೋಟೊ, ಕಂಪನಿಯ ಉತ್ತರ, ತಿಂಗಳು. ಪ್ಯಾಕಿನ ವಿನ್ಯಾಸ ಬದಲಾದರೆ, "ಹೊಸ ಸುಧಾರಿತ" ಎಂದು ಬಂದರೆ ಮತ್ತೆ ಮೊದಲಿನಿಂದ ಓದಿ.

ಹೋಂಸ್ಟೇಯ ಕಾಫಿ ಬಾಮ್

ಮೂಡಿಗೆರೆ, ಸಕಲೇಶಪುರದ ಹೋಂಸ್ಟೇಗಳಲ್ಲಿ, ಗಿರಿ ದಾರಿಯ ಕಾಫಿಪುಡಿ ಅಂಗಡಿಗಳಲ್ಲಿ ಕೈಯಲ್ಲಿ ಮಾಡಿದ ಬಾಮ್ ಸಿಗುವುದುಂಟು. ಜೇನುಮೇಣ, ಕೊಬ್ಬರಿ ಎಣ್ಣೆ, ಕಾಫಿ ಇಷ್ಟೇ ಆದರೆ ಒಳ್ಳೆಯ ಮಾಲು. ಕಾಫಿಗೆ ಚಿಕೋರಿ ಬೆರೆತಿದ್ದರೂ ತೊಂದರೆಯಿಲ್ಲ, ಅದು ಗೆಡ್ಡೆ.

ಇಲ್ಲಿ ಒಂದು ಅನುಕೂಲವಿದೆ, ಮಾಡಿದವರೇ ಎದುರಿಗೆ ಸಿಗುತ್ತಾರೆ. ಗ್ಲುಟೆನ್ ಎಂದು ಕೇಳುವ ಬದಲು ಅವರ ಅಡುಗೆಮನೆಯ ಭಾಷೆಯಲ್ಲಿ ಕೇಳಿ: ಯಾವ ಎಣ್ಣೆ ಹಾಕಿದ್ದೀರಿ? ವಿಟಮಿನ್ ಇ ಎಂದು ಗೋಧಿ ಮೊಳಕೆ ಎಣ್ಣೆ ಏನಾದರೂ ಹಾಕಿದ್ದೀರಾ? ಓಟ್ಸ್ ಪುಡಿ? ಸುವಾಸನೆಗೆ ಏನು, ಬಾಟಲಿ ತೋರಿಸುತ್ತೀರಾ? ಅದೇ ಪಾತ್ರೆ, ಅದೇ ಜರಡಿಯಲ್ಲಿ ಕೇಕು, ಮೈದಾ ಕೆಲಸ ನಡೆಯುತ್ತದೆಯೇ? ಮೈದಾ ಜರಡಿಯಲ್ಲಿ ಕಾಫಿ ಸೋಸಿದ ಬಾಮ್‌ನಲ್ಲಿ ಕಣ್ಣಿಗೆ ಕಾಣದ ಹಿಟ್ಟು ಇರಬಹುದು, ಕಾರ್ಖಾನೆಯ ಬಾಮ್‌ನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಡಬ್ಬಿಯ ಮೇಲೆ ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್, ವಿಳಾಸ ಇದೆಯೇ ಎಂದೂ ನೋಡಿ. ಮಾರುವುದಕ್ಕೆ ಮಾಡುವವರು ಲೈಸೆನ್ಸ್ ಪಡೆಯಬೇಕು ಎಂಬುದು ನಿಯಮ.

ಮನೆಗೆ ಬಂದ ಮೇಲೆ

ಶುದ್ಧವಾದ ಬಾಮನ್ನೂ ಕೆಡಿಸುವುದು ಮನೆಯಲ್ಲೇ. ಚಪಾತಿ ತಿಂದ ತುಟಿಗೆ ಅಣ್ಣ ಹಚ್ಚಿಕೊಂಡ ಕಡ್ಡಿಯನ್ನೇ ತಂಗಿ ಹಚ್ಚಿಕೊಂಡರೆ ಪಟ್ಟಿ ಓದಿದ್ದೆಲ್ಲ ವ್ಯರ್ಥ. ಒಂದು ಚಪಾತಿಯಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ಕಡ್ಡಿಗೆ ಅಂಟಿದ ಒಂದು ಚೂರು ಬಿಸ್ಕತ್ತಿನ ಪುಡಿಯಲ್ಲಿ ಇಡೀ ಬಾಮ್‌ಗಿಂತ ಹೆಚ್ಚು ಗ್ಲುಟೆನ್ ಇರಬಹುದು. ಸೀಲಿಯಾಕ್ ಇರುವವರ ಕಡ್ಡಿಗೆ ಬೇರೆ ಬಣ್ಣದ ಟೇಪ್ ಸುತ್ತಿ, ಬೇರೆಯವರು ಮುಟ್ಟದಂತೆ ಇಡಿ. ಬೆರಳಿನಿಂದ ತೆಗೆಯುವ ಟಿನ್‌ಗಿಂತ ಕಡ್ಡಿ ವಾಸಿ. ಅಂಗಡಿಯ ಟೆಸ್ಟರ್ ಬೇಡವೇ ಬೇಡ.

ಬಾಮ್ ಹಚ್ಚಿದ ಮೇಲೆ ತುಟಿ ಉರಿದು ಕೆಂಪಾದರೆ ಗ್ಲುಟೆನ್ ಮೇಲೆ ಗೂಬೆ ಕೂರಿಸಬೇಡಿ. ದಾಲ್ಚಿನ್ನಿ ಎಣ್ಣೆ, ಪುದೀನ, ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು), ಪ್ರೊಪೊಲಿಸ್ (ಜೇನುಗೂಡಿನ ಅಂಟು), ಆ ಫ್ಲೇವರೇ ಆಗಾಗ ಕಾರಣ. ಇನ್ನು ಯಾವ ಬಾಮ್ ಹಚ್ಚಿದರೂ ಬಾಯಿಯ ಕೊನೆಗಳು ಬಿರಿಯುತ್ತಲೇ ಇದ್ದರೆ ಅದು ಕಬ್ಬಿಣಾಂಶ, ಬಿ ವಿಟಮಿನ್ ಕೊರತೆಯ ಲಕ್ಷಣ ಆಗಿರಬಹುದು. ಸೀಲಿಯಾಕ್ ಪತ್ತೆಯಾಗದವರಲ್ಲಿ ಆ ಕೊರತೆ ಸಾಮಾನ್ಯ. ಆಗ ವೈದ್ಯರಲ್ಲಿ ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ-ಐಜಿಎ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.

ಸಾಕಪ್ಪ ಈ ಓದು ಎನ್ನುವವರಿಗೆ

ಮಲೆನಾಡಿನಲ್ಲಿ ಒಡೆದ ತುಟಿಗೆ, ಹಿಮ್ಮಡಿಗೆ ಮುರುಗಲ ತುಪ್ಪ (ಪುನರ್ಪುಳಿ ಬೀಜದಿಂದ ತೆಗೆದ ಗಟ್ಟಿ ಕೊಬ್ಬು) ಹಚ್ಚುವುದು ಹಳೆಯ ರೂಢಿ. ಅದನ್ನೇ ಸ್ವಲ್ಪ ಮೆದು ಮಾಡಿದರೆ ಬಾಮ್ ಆಯಿತು. 40 ಗ್ರಾಂಗೆ ಅಳತೆ: ಜೇನುಮೇಣ 10 ಗ್ರಾಂ, ಮುರುಗಲ ತುಪ್ಪ 8, ಕೊಬ್ಬರಿ ಎಣ್ಣೆ 17, ಹರಳೆಣ್ಣೆ 5. ಇದು ಕಡ್ಡಿಯ ಅಳತೆ. ಟಿನ್‌ಗೆ ಹಾಕುವುದಾದರೆ ಮೇಣ 7 ಗ್ರಾಂಗೆ ಇಳಿಸಿ, ಕೊಬ್ಬರಿ ಎಣ್ಣೆ 20ಕ್ಕೆ ಏರಿಸಿ. ಮಾರ್ಚ್ ನಂತರ ಮಾಡುವವರು ಕಡ್ಡಿಗೆ ಮೇಣ ಎರಡು ಗ್ರಾಂ ಹೆಚ್ಚಿಸಿ, ಎಣ್ಣೆ ಅಷ್ಟೇ ಕಡಿಮೆ ಮಾಡಿ. ಚಮಚದ ಅಳತೆ ನಂಬಬೇಡಿ, ತಕ್ಕಡಿ ಬೇಕು.

ಸ್ಟೀಲ್ ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಮೊದಲು ಮೇಣ ಕರಗಿಸಿ. ಅದು ಕರಗಲು 62ರಿಂದ 65 ಡಿಗ್ರಿ ಬೇಕು. ಆಮೇಲೆ ಮುರುಗಲ ತುಪ್ಪ, ಕೊನೆಗೆ ಎಣ್ಣೆಗಳು. ಇಳಿಸಿ, ಅಂಚಿನಲ್ಲಿ ತೆಳುವಾಗಿ ಕೆನೆಗಟ್ಟಲು ಶುರುವಾದಾಗ ಸುವಾಸನೆ ಸೇರಿಸಿ, ಒಮ್ಮೆ ಕಲಕಿ, ತಕ್ಷಣ ಸುರಿಯಿರಿ. ಪುದೀನ ಎಣ್ಣೆ ನಾಲ್ಕು ಹನಿಗಿಂತ ಹೆಚ್ಚು ಬೇಡ. ನಿಂಬೆ ಸಿಪ್ಪೆಯ ಎಣ್ಣೆ ಹಾಕಿ ಬಿಸಿಲಿಗೆ ಹೋದರೆ ತುಟಿ ಕಪ್ಪಾಗುತ್ತದೆ, ಅದನ್ನು ಬಿಡಿ.

ಕಾಫಿ ಪರಿಮಳ ಬೇಕಿದ್ದರೆ 50 ಗ್ರಾಂ ಕೊಬ್ಬರಿ ಎಣ್ಣೆಗೆ 10 ಗ್ರಾಂ ದಪ್ಪ ಕಾಫಿಪುಡಿ ಹಾಕಿ ಬಿಸಿನೀರಿನ ಪಾತ್ರೆಯ ಮೇಲೆ ಒಂದು ಗಂಟೆ ಇಡಿ. ಹೊಸ ಬಟ್ಟೆಯಲ್ಲಿ ಸೋಸಿ, ರಾತ್ರಿ ಬೆಚ್ಚಗಿನ ಜಾಗದಲ್ಲಿಟ್ಟು, ಬೆಳಿಗ್ಗೆ ಚರಟ ಬಿಟ್ಟು ಮೇಲಿನ ಎಣ್ಣೆಯನ್ನಷ್ಟೇ ತೆಗೆದುಕೊಳ್ಳಿ. ಬೆಚ್ಚಗಿನ ಜಾಗ ಎಂದದ್ದಕ್ಕೆ ಕಾರಣವಿದೆ: ನಮ್ಮ ಡಿಸೆಂಬರ್ ರಾತ್ರಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಚರಟವನ್ನೂ ಹಿಡಿದುಕೊಂಡು ಕೂರುತ್ತದೆ. ಚಾಕೊಲೇಟ್ ಬೇಕಾದರೆ ಬರೀ ಕೋಕೊ ಪುಡಿ ಅರ್ಧ ಚಮಚ. ಹೆಲ್ತ್ ಡ್ರಿಂಕ್ ಪುಡಿ ಹಾಕಿದರೆ ಬಾರ್ಲಿ ಮಾಲ್ಟನ್ನು ಕೈಯಾರೆ ಬೆರೆಸಿದಂತೆ. ಬೇಕರಿ ಸಾಮಾನಿನ ಅಂಗಡಿಯ ಎಸೆನ್ಸ್ ಹೆಚ್ಚಾಗಿ ನೀರಿನಲ್ಲಿ ಕರಗುವಂಥದ್ದು. ಮೇಣದಲ್ಲಿ ಸೇರದೆ ಹನಿಹನಿಯಾಗಿ ತಳಕ್ಕಿಳಿಯುತ್ತದೆ, ಆ ತೇವದಲ್ಲೇ ಬೂಷ್ಟು ಹಿಡಿಯುತ್ತದೆ. ಜೇನುತುಪ್ಪವೂ ಹಾಗೆಯೇ ತಳ ಸೇರುತ್ತದೆ.

ಮೂರ್ನಾಲ್ಕು ದಿನದಲ್ಲಿ ಬಾಮ್ ಮರಳು ಮರಳಾದರೆ ಮುರುಗಲ ತುಪ್ಪ ನಿಧಾನವಾಗಿ ಆರಿದೆ ಎಂದರ್ಥ. ಮತ್ತೆ ಕರಗಿಸಿ, 70 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು, ಸುರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಕಡ್ಡಿಯ ನಡುವೆ ಗುಳಿ ಬಿದ್ದರೆ ಒಂದು ಚಮಚ ಮಿಶ್ರಣ ಉಳಿಸಿಕೊಂಡು, ಅರ್ಧ ಗಟ್ಟಿಯಾದಾಗ ಮೇಲೆ ತುಂಬಿ. ಚಪಾತಿ ಹಿಟ್ಟಿಗೆ ಬಳಸಿದ ಮರದ ಸೌಟನ್ನು ಮಾತ್ರ ಈ ಪಾತ್ರೆಯ ಹತ್ತಿರ ತರಬೇಡಿ. ಮರದ ಸಂದುಗಳಲ್ಲಿ ಕೂತ ಹಿಟ್ಟು ತೊಳೆದರೆ ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಚಮಚ ಸಾಕು.